ಸಿ ಪ್ರಾಜೆಕ್ಟ್‌ಗೆ ಪೈಥಾನ್ ಯಾಕೆ ಅಂತೀರಾ?

ಕಳೆದ ಸೆಮ್‌ನಲ್ಲಿ ನಾವು ನಾಲ್ಕು ಜನ ಸೇರಿ ಸಿ ಭಾಷೆಯಲ್ಲಿ ಒಂದು ಲೈಬ್ರರಿ ಸಾಫ್ಟ್‌ವೇರ್ ಬರೆದಿದ್ವಿ. ಡೆಮೊ ದಿನ ಎಕ್ಸ್‌ಟರ್ನಲ್ ಸರ್ ಕೇಳಿದ್ದು ಒಂದೇ ಪ್ರಶ್ನೆ: ಡಿಸೆಂಬರ್ 10ಕ್ಕೆ ತಗೊಂಡ ಪುಸ್ತಕ ಜನವರಿ 4ಕ್ಕೆ ವಾಪಸ್ ಕೊಟ್ಟರೆ ಫೈನ್ ಎಷ್ಟು? ಸ್ಕ್ರೀನ್ ಮೇಲೆ ಮೈನಸ್ ಮುನ್ನೂರು ಚಿಲ್ಲರೆ ರೂಪಾಯಿ ಬಂತು. ಅಂದ್ರೆ ಲೈಬ್ರರಿಯೇ ನಮಗೆ ದುಡ್ಡು ಕೊಡಬೇಕು!

ಟೆಸ್ಟ್ ಮಾಡಿರಲಿಲ್ವಾ? ಮಾಡಿದ್ವಿ, ಎಲ್ಲರೂ ಮಾಡೋ ಹಾಗೆ. ಕಂಪೈಲ್ ಮಾಡು, ರನ್ ಮಾಡು, ಮೆನುವಿನಲ್ಲಿ 3 ಒತ್ತು, ಎರಡು ದಿನಾಂಕ ಟೈಪ್ ಮಾಡು, ಉತ್ತರ ಕಣ್ಣಲ್ಲಿ ನೋಡು. ಹತ್ತನೇ ಸಲಕ್ಕೆ ಯಾರಿಗಾದರೂ ಬೇಜಾರಾಗುತ್ತೆ. ನಾವು ಬೇಜಾರಾಗಿ ನಿಲ್ಲಿಸಿದ ಜಾಗದಲ್ಲೇ ಬಗ್ ಕೂತಿತ್ತು.

ಮಾರ್ಕ್ಸ್ ಹೋದ ಮೇಲೆ ಬುದ್ಧಿ ಬಂತು. ದಿನ ಲೆಕ್ಕ ಹಾಕೋ ಫಂಕ್ಷನ್ನನ್ನು ಸರಿಪಡಿಸಿ, ಜಿಸಿಸಿಯಲ್ಲಿ ಶೇರ್ಡ್ ಲೈಬ್ರರಿಯಾಗಿ ಕಂಪೈಲ್ ಮಾಡಿ, ಪೈಥಾನಿನ ಸಿಟೈಪ್ಸ್ ಮಾಡ್ಯೂಲ್‌ನಿಂದ ಕರೆದೆ. ಪೈಥಾನಿನ ಡೇಟ್‌ಟೈಮ್‌ಗೆ ಸರಿಯಾದ ಉತ್ತರ ಗೊತ್ತೇ ಇದೆಯಲ್ಲ! 1900ರ ಜನವರಿ 1ರಿಂದ 2100ರ ಡಿಸೆಂಬರ್ 31ರವರೆಗೆ ಪ್ರತಿ ದಿನಕ್ಕೂ, ಅಲ್ಲಿಂದ 15 ದಿನ ಮುಂದಿನ ದಿನಾಂಕ ಕೊಟ್ಟು, ಎರಡೂ ಉತ್ತರ ಹೋಲಿಸಿದೆ. ಒಟ್ಟು 73,414 ಕೇಸ್. ಸ್ಕ್ರಿಪ್ಟ್ ಇಪ್ಪತ್ತು ಸಾಲೂ ಇಲ್ಲ. ಎಂಟರ್ ಒತ್ತಿ ನೀರಿನ ಬಾಟಲಿ ಎತ್ತೋದ್ರೊಳಗೆ ಇನ್ನೊಂದು ಬಗ್ ಸಿಕ್ತು. 1900 ಮತ್ತು 2100 ಅಧಿಕ ವರ್ಷಗಳಲ್ಲ. ನಮ್ಮ ಕೋಡ್ ನಾಲ್ಕರಿಂದ ಭಾಗಿಸಿ ಸುಮ್ಮನಾಗಿತ್ತು. ಇದನ್ನ ಎಕ್ಸ್‌ಟರ್ನಲ್ ಸರ್ ಕೂಡ ಹಿಡಿದಿರಲಿಲ್ಲ.

'ಸಿ ಪ್ರಾಜೆಕ್ಟ್‌ನಲ್ಲಿ ಪೈಥಾನ್ ತರೋದು ಮೋಸ ಅಲ್ವಾ?' ಅಂತ ಒಬ್ಬ ಗೆಳೆಯ ಕೇಳಿದ. ನಿನ್ನ ಫೋನಿನಲ್ಲೇ ಇರೋ ಎಸ್‌ಕ್ಯೂಲೈಟ್ ನೋಡಪ್ಪ ಅಂದೆ. ರಿಚರ್ಡ್ ಹಿಪ್ ಅದನ್ನ ಬರೆದಿದ್ದು ಸಿ ಭಾಷೆಯಲ್ಲಿ, ಆದರೆ ಅದರ ಮೊದಲ ಟೆಸ್ಟ್‌ಗಳು ಟಿಕಲ್ ಅನ್ನೋ ಸ್ಕ್ರಿಪ್ಟಿಂಗ್ ಭಾಷೆಯಲ್ಲಿವೆ. ಇವತ್ತಿಗೂ ಅವು ಓಡ್ತಿವೆ. ಕೋಡ್ ವೇಗವಾಗಿ ಓಡಬೇಕು, ಟೆಸ್ಟ್ ವೇಗವಾಗಿ ಬರೆಯೋಕಾಗಬೇಕು. ಎರಡಕ್ಕೂ ಒಂದೇ ಭಾಷೆ ಇರಲೇಬೇಕು ಅಂತ ಯಾರು ಹೇಳಿದ್ದು?

ಹಾಗಂತ ಎಲ್ಲ ಸಲೀಸಲ್ಲ. ಸಿ ಕೋಡಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಆದ್ರೆ ಪೈಥಾನ್ ಕೂಡ ಜೊತೆಗೇ ಬೀಳುತ್ತೆ. ಡಬಲ್ ವಾಪಸ್ ಕೊಡೋ ಫಂಕ್ಷನ್ ಆದ್ರೆ ಮೊದಲೇ ಹೇಳಬೇಕು. ಇಲ್ಲದಿದ್ರೆ ಸಿಟೈಪ್ಸ್ ಅದನ್ನ ಇಂಟ್ ಅಂದ್ಕೊಂಡು ಏನೋ ಕಸ ತೋರಿಸುತ್ತೆ. ಅದರಲ್ಲಿ ನನ್ನ ಒಂದು ಸಂಜೆ ಹೋಗಿದೆ.

ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಔಟ್‌ಪುಟ್ ಸ್ಕ್ರೀನ್‌ಶಾಟ್‌ಗೆ ಪೂರ್ತಿ ಪುಟ ಇದೆ. ಟೆಸ್ಟ್ ಸ್ಕ್ರಿಪ್ಟ್‌ಗೂ ಅರ್ಧ ಪುಟ, ಎರಡು ಮಾರ್ಕ್ಸ್ ಕೊಡಿ ಅಂತ ಎಚ್‌ಒಡಿ ಮೇಡಂ ಹತ್ರ ಕೇಳೋಣ ಅಂತಿದೀನಿ. ಜೊತೆಗೆ ಬರೋರು ಶುಕ್ರವಾರ ಲ್ಯಾಬ್ ಮುಗಿದ ಮೇಲೆ ಸಿಗಿ.