ಔಷಧದಾನವೋ, ಹಿಂಸಾದಾನವೋ?

ಶ್ರಾವಕರಿಗೆ ವಿಹಿತವಾದ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಬಸದಿಯ ಟ್ರಸ್ಟುಗಳು ಚಿಕಿತ್ಸಾ ಶಿಬಿರಗಳನ್ನು ಏರ್ಪಡಿಸುವುದು ಈ ಭಾವನೆಯಿಂದಲೇ. ಆದರೆ ಶಿಬಿರದಲ್ಲಿ ರೋಗಿಯ ಕೈಗಿಡುವ ಮದ್ದಿನ ಸತ್ವವನ್ನು ಗದ್ದೆಯಲ್ಲಿ ಸುರಿದು ಕಳೆಯುವ ರೂಢಿಯ ಬಗ್ಗೆ ಇದೇ ಟ್ರಸ್ಟುಗಳು ಮೌನ ವಹಿಸಿವೆ.

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಕಣಜವಾಯಿತು. ಭತ್ತಕ್ಕೆ ದುಂಡಾಣು ಅಂಗಮಾರಿ ತಗುಲಿದೊಡನೆ ಸ್ಟ್ರೆಪ್ಟೊಸೈಕ್ಲಿನ್ ಸಿಂಪಡಿಸುವುದು ದಶಕಗಳ ರೂಢಿ. ಲಿಂಗಸೂಗೂರು ಕಡೆಯ ದಾಳಿಂಬೆಗೂ ಅದೇ ಉಪಚಾರ. ಆ ಪುಡಿಯಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಪ್ರಾಣರಕ್ಷಕ ಔಷಧಗಳೇ ಹೊರತು ಗೊಬ್ಬರವಲ್ಲ. (ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಇಲ್ಲೇ ಪಕ್ಕದ ಮಸ್ಕಿಯಲ್ಲಿ. ಮನುಷ್ಯರಿಗೂ ಪಶುಗಳಿಗೂ ಮದ್ದಿನ ಗಿಡ ನೆಡಿಸಿದ ಅರಸನವನು. ಈಗ ಗಿಡಕ್ಕೇ ಮನುಷ್ಯರ ಮದ್ದು!)

ಈ ಔಷಧಗಳಿಲ್ಲದ ಕಾಲ ಬಹು ದೂರದ್ದಲ್ಲ. ಹೆರಿಗೆಯ ಬಳಿಕ ರಕ್ತ ನಂಜೇರಿ ಬಾಣಂತಿಯರು ಸಾಯುತ್ತಿದ್ದರು. ಮನೆಯವರು ಅದನ್ನು ಸನ್ನಿ ಎಂದು ಕರೆದು ಹಣೆಬರಹವನ್ನು ಹಳಿಯುತ್ತಿದ್ದರು. ವೈದ್ಯರ ಕೈಗಳೇ ನಂಜನ್ನು ಒಯ್ಯುತ್ತಿವೆಯೆಂದು 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಕಂಡುಕೊಂಡು ಕೈತೊಳೆಯಿಸಿದಾಗ ಸಾವು ಇಳಿಯಿತು. ವಿದ್ವಾಂಸರು ಅವನನ್ನೇ ಹಳಿದರು. 1928ರಲ್ಲಿ ಪೆನಿಸಿಲಿನ್, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತವು. ಅಲ್ಪಪ್ರಮಾಣದ ಔಷಧ ದುಂಡಾಣುಗಳನ್ನು ಕೊಲ್ಲದೆ ಪಳಗಿಸುತ್ತದೆಂದು 1945ರಲ್ಲೇ ಫ್ಲೆಮಿಂಗ್ ಎಚ್ಚರಿಸಿದ. ಗದ್ದೆಯಲ್ಲಿ ನಡೆಯುವುದು ಅದೇ: ಬದುಕುಳಿದ ದುಂಡಾಣುಗಳು ತಮ್ಮ ನಿರೋಧಶಕ್ತಿಯನ್ನು ನೆರೆಯ ಜಾತಿಗಳಿಗೂ ದಾಟಿಸಬಲ್ಲವು, ಕಾಲುವೆಯ ನೀರಿಗೆ ಗಡಿಯಿಲ್ಲ. 2017ರಲ್ಲಿ ನಂಜಿನಿಂದ ಜಗತ್ತಿನಲ್ಲಿ ಸುಮಾರು 1.1 ಕೋಟಿ ಜನ ಸತ್ತರೆಂದು ಅಂದಾಜು. ಔಷಧಕ್ಕೆ ಮಣಿಯದ ದುಂಡಾಣುಗಳಿಂದಲೇ 2019ರಲ್ಲಿ ಸತ್ತವರು 12.7 ಲಕ್ಷ.

‘ಬೆಳೆ ಹೋದರೆ ಸಾಲ ತೀರಿಸುವವರು ಯಾರು?’ ಎಂಬ ರೈತನ ಪ್ರಶ್ನೆ ನ್ಯಾಯವಾದದ್ದು. ಆದರೆ ಯೂರಿಯಾ ಮಿತಿಮೀರಿದಷ್ಟೂ ಅಂಗಮಾರಿ ಹೆಚ್ಚುತ್ತದೆ. ರೋಗ ತಾಳುವ ತಳಿಗಳೂ ಇವೆ. ಮೊದಲ ತಪ್ಪನ್ನು ಗೊಬ್ಬರದ ಚೀಲದಲ್ಲಿ ಮಾಡಿ, ಎರಡನೆಯದನ್ನು ಔಷಧದ ಪೊಟ್ಟಣದಲ್ಲಿ ಮಾಡುವುದು ಉಪಾಯವಲ್ಲ. ಈ ಬಳಕೆಯನ್ನು 2024ರ ಜನವರಿಯಿಂದ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರವೇ 2021ರ ಡಿಸೆಂಬರಿನಲ್ಲಿ ಹೊರಡಿಸಿತು.

ಸರ್ಕಾರಕ್ಕೆ ಶತಮಾನಗಳ ಮೊದಲೇ ಆಚಾರ್ಯರು ಅನರ್ಥದಂಡವ್ರತದಲ್ಲಿ ವಿಷ, ಆಯುಧಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ನಿಷೇಧಿಸಿದರು. ಅಜಾಗರೂಕ ನಡೆಯನ್ನು ಪ್ರಮಾದಚರ್ಯೆಯೆಂದರು. ನಾಳೆ ಬಾಣಂತಿಯ ಜೀವ ಉಳಿಸಬೇಕಾದ ಮದ್ದನ್ನು ಇಂದೇ ಕೆಡಿಸುವುದು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಅಂಗಡಿಯ ಗಲ್ಲೆಯಲ್ಲಿ ಕುಳಿತ ಶ್ರಾವಕನೇ ಹೇಳಲಿ. ಜಮೀನುಳ್ಳ ಟ್ರಸ್ಟುಗಳು ಗುತ್ತಿಗೆ ಪತ್ರದಲ್ಲಿ ಒಂದು ಷರತ್ತು ಸೇರಿಸಬಹುದು: ಈ ನೆಲದಲ್ಲಿ ಮನುಷ್ಯರ ಔಷಧ ಸಿಂಪಡಿಸಕೂಡದು. ಮುಂಗಾರಿಗೆ ಕಾಲುವೆಗೆ ನೀರು ಬಿಡುವ ಮುನ್ನವೇ ಅದನ್ನು ಬರೆಯಲು ಅಡ್ಡಿಯೇನು?