ಮುಖವಾಡದ ಹಿಂದಿನ ಮನುಷ್ಯ

ಮಕ್ಕಳ ಕೈಯಲ್ಲಿ ಚಿತ್ರಕಥೆ ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಬಹಳ. ಅಂತಹವರಿಗೆ ಈ ತಿಂಗಳು ಫ್ಯಾಂಟಮ್ ಕಥೆಗಳನ್ನೇ ಓದಿರೆಂದು ನಾವು ಹೇಳುತ್ತೇವೆ. ಅಮೆರಿಕದ ಲೀ ಫಾಕ್ ಅವರು 1936ರಲ್ಲಿ ಸೃಷ್ಟಿಸಿದ ಈ ವೀರನನ್ನು ಕನ್ನಡದ ಎಷ್ಟೋ ಮಕ್ಕಳು ಮೊದಲು ಕಂಡದ್ದು 'ಸುಧಾ' ವಾರಪತ್ರಿಕೆಯ ಪುಟಗಳಲ್ಲಿ.

ಈತನಿಗೆ ಹಾರುವ ಶಕ್ತಿಯಿಲ್ಲ, ದೈವದತ್ತ ವರವೂ ಇಲ್ಲ. ಜನ ಸಾವಿಲ್ಲದವನೆನ್ನುತ್ತಾರೆ, ನಿಜದಲ್ಲಿ ತಂದೆ ಅಳಿದೊಡನೆ ಮಗ ಅದೇ ಮುಖವಾಡ ಧರಿಸುತ್ತಾನೆ. ಹೀಗೆ ಇಪ್ಪತ್ತೊಂದು ತಲೆಮಾರು. ಇಪ್ಪತ್ತೊಂದನೆಯವನು ವಿದ್ಯೆಗಾಗಿ ಅಮೆರಿಕಕ್ಕೆ ಹೋಗಿದ್ದವನು. ತಂದೆ ಮರಣಶಯ್ಯೆಯಲ್ಲಿರುವ ಸುದ್ದಿ ಬರಲು, ಒಲಿದ ಡಯಾನಾಳನ್ನು ಅಗಲಿ ಕಾಡಿಗೆ ಮರಳಿದ. 1936ರಲ್ಲೇ ಕಥೆಯೊಳಗೆ ಬಂದ ಆಕೆಯೊಡನೆ ಅವನ ವಿವಾಹವಾದದ್ದು 1977ರಲ್ಲಿ!

ಆ ತರುಣನ ಮನಸ್ಸನ್ನು ಕೇಳಿದವರಾರು? ಹೇಮಾವತಿಯ ದಡದ ಗೊರೂರಿನಲ್ಲಿಯೂ ಹೊಲವನ್ನೋ ಅಂಗಡಿಯನ್ನೋ ಮಗನ ಹೆಗಲಿಗೇರಿಸುವ ತಂದೆಯ ಮುಂದೆ ಈ ಪ್ರಶ್ನೆ ನಿಲ್ಲುತ್ತದೆ. ಕರ್ತವ್ಯ ಹಿರಿದು, ದಿಟ. ಅದನ್ನು ಹೊರುವವನ ನೋವು ಕಿರಿದಲ್ಲ. ಆದುದರಿಂದ ಮಕ್ಕಳೊಡನೆ ಕುಳಿತು ಓದಿರಿ. ಕೊನೆಯ ಪುಟ ಮಗುಚಿದ ಮೇಲೆ, "ನಿನಗೇನು ಇಷ್ಟ?" ಎಂದು ಒಮ್ಮೆ ಕೇಳಿರಿ, ಉತ್ತರಕ್ಕೆ ತಾಳ್ಮೆಯಿಂದ ಕಾಯಿರಿ.