ಸೈಕಲ್ ಸ್ಟ್ಯಾಂಡಿನ ಹಿಂದಿನ ತಾಜ್ ಮಹಲ್

ಕಳೆದ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನ ಮುಗಿದ ಮಾರನೆಯ ದಿನ ಬಂದು ನೋಡಿದರೆ ಸೈಕಲ್ ಸ್ಟ್ಯಾಂಡಿನ ಹಿಂದೆ ತಾಜ್ ಮಹಲ್ ಮಗುಚಿ ಬಿದ್ದಿತ್ತು. ಪಕ್ಕದಲ್ಲೇ ನಮ್ಮ ತಂಡದ ಮೆಟ್ರೋ ರೈಲು, ಎರಡು ತುಂಡಾಗಿ. ಮೂರು ರಾತ್ರಿ ನಿದ್ದೆಗೆಟ್ಟು, ಅಮ್ಮಿಯಿಂದ ಬೈಸಿಕೊಂಡು ಮಾಡಿದ ಮಾದರಿ ಅದು. ಥರ್ಮಾಕೋಲಿನ ಬಿಳಿ ಕಾಳುಗಳು ಮೈದಾನದ ತುಂಬ ಹಾರಾಡುತ್ತಿದ್ದವು. ಅವು ಕೊಳೆಯುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಎರಡು ಅಂಕಕ್ಕೆ ಉತ್ತರ ಬರೆದವರು ನಾವೇ.

ಈ ವರ್ಷದ ಪ್ರದರ್ಶನದ ಸೂಚನೆಯೂ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾಮುಗೆ ರೈಲಿನ ಹುಚ್ಚು. ಮೊನ್ನೆ ಅವರು ಫೋನಿನಲ್ಲಿ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನ ರೈಲು ಪ್ರದರ್ಶನದ ವಿಡಿಯೊ ತೋರಿಸಿದರು. ಬ್ರಾಂಕ್ಸ್ ಎಂಬಲ್ಲಿರುವ 250 ಎಕರೆಯ ಸಸ್ಯತೋಟ ಅದು. 1992ರಿಂದ ಅಲ್ಲಿನ ಗಾಜಿನ ಮನೆಯಲ್ಲಿ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಆಟಿಕೆ ರೈಲುಗಳು ಗಿಡಗಳ ನಡುವೆ ಓಡುತ್ತವೆ. ಮಾಮು ಎಂಜಿನ್ ನೋಡುತ್ತಿದ್ದರು, ನಾನು ಹಳಿಯ ಪಕ್ಕದ ಕಟ್ಟಡಗಳನ್ನು. ನ್ಯೂಯಾರ್ಕಿನ ನೂರಕ್ಕೂ ಹೆಚ್ಚು ಕಟ್ಟಡ, ಸೇತುವೆಗಳು ಅಲ್ಲಿವೆ. ಎಲ್ಲವೂ ಗಿಡಮರಗಳಿಂದಲೇ ಮಾಡಿದವು. ಮರದ ತೊಗಟೆ, ದಾಲ್ಚಿನ್ನಿ ಚಕ್ಕೆ, ಪೈನ್ ಕಾಯಿಯ ಎಸಳು, ಬೀಜ, ಒಣ ಎಲೆ. ತಲೆಯ ಮೇಲೆ ಬ್ರೂಕ್ಲಿನ್ ಸೇತುವೆ, ಅದರ ಮೇಲೆ ರೈಲು! ಇದನ್ನು ಶುರು ಮಾಡಿದವರು ಪಾಲ್ ಬುಸ್ಸೆ ಎಂಬ ಉದ್ಯಾನ ವಿನ್ಯಾಸಕಾರರು. ಪ್ರದರ್ಶನ ಮುಗಿದ ಮೇಲೆ ಮಾದರಿಗಳನ್ನು ಎಸೆಯುವುದಿಲ್ಲ. ಎತ್ತಿಟ್ಟು, ಮುರಿದದ್ದನ್ನು ಸರಿ ಮಾಡಿ ಮತ್ತೆ ಇಡುತ್ತಾರೆ, ಹೊಸದನ್ನು ಸೇರಿಸುತ್ತಾ ಹೋಗುತ್ತಾರೆ.

ಕಾಮರ್ಸ್ ವಿದ್ಯಾರ್ಥಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಲೆಕ್ಕಕ್ಕೆ. ನಾವು ಆರು ಜನ ತಲಾ 150 ರೂಪಾಯಿ ಹಾಕಿದ್ದೆವು. 900 ರೂಪಾಯಿಯ ಮೆಟ್ರೋ ಒಂದೇ ದಿನದಲ್ಲಿ ಸೊನ್ನೆ. ಇಷ್ಟು ವೇಗದ ಸವಕಳಿ ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲ. ಅವರದು ಬಂಡವಾಳ ವೆಚ್ಚ.

ಆ ಮಾದರಿಗಳಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ ಕೂಡ ಇದೆ. ನಿಜವಾದ ಸ್ಟೇಷನ್ 1910ರಲ್ಲಿ ಶುರುವಾಗಿತ್ತು. 1963ರಲ್ಲಿ ಅದನ್ನು ಕೆಡವಲು ಆರಂಭಿಸಿದರು. ಜನ ಎಷ್ಟು ನೊಂದುಕೊಂಡರೆಂದರೆ ಹಳೆಯ ಕಟ್ಟಡಗಳನ್ನು ಉಳಿಸಲು 1965ರಲ್ಲಿ ಆ ನಗರ ಒಂದು ಕಾನೂನನ್ನೇ ತಂದಿತು. ಊರಿನಲ್ಲಿ ಇಲ್ಲದ ಕಟ್ಟಡ ತೋಟದಲ್ಲಿ ತೊಗಟೆ, ಬೀಜಗಳಲ್ಲಿ ನಿಂತಿದೆ. ಅದರ ಮುಂದೆ ರೈಲು ಈಗಲೂ ಹಾದು ಹೋಗುತ್ತದೆ. ಆ ಭಾಗವನ್ನು ನಾನು ನಾಲ್ಕೈದು ಸಲ ಹಿಂದಕ್ಕೆ ಹಾಕಿ ನೋಡಿದೆ.

"ಅಮೆರಿಕ ಯಾಕೆ, ನಮ್ಮ ಲಾಲ್‌ಬಾಗ್ ಇಲ್ಲವೇ?" ಎಂದು ಗೆಳತಿ ಕೇಳಿದಳು. ಇದೆ. ಹೈದರ್ ಅಲಿ ಶುರು ಮಾಡಿದ, ನಮ್ಮ ಮನೆಮಾತಿನ ಹೆಸರಿರುವ ತೋಟ ಅದು. 2023ರ ಆಗಸ್ಟ್‌ನಲ್ಲಿ ಅಲ್ಲಿ ಹೂವಿನ ವಿಧಾನಸೌಧ ಕಟ್ಟಿದ್ದರು. ಅದರಿಂದ ಹೂ ಬೆಳೆಯುವವರಿಗೆ ನಾಲ್ಕು ಕಾಸು ಸಿಗುತ್ತದೆ, ಬಾಡಿದ ಹೂ ಗೊಬ್ಬರವಾಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ನಮ್ಮ ಬಗ್ಗೆ.

ನಾವಿರುವುದು ಚನ್ನಪಟ್ಟಣದಲ್ಲಿ. ಅಬ್ಬಾ ಲೇತ್ ಮುಂದೆ ಕುಳಿತು ಆಲೆ ಮರದಲ್ಲಿ ಆಟಿಕೆ ರೈಲಿನ ಚಕ್ರ ಕಡೆಯುತ್ತಾರೆ. ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಹತ್ತುತ್ತದೆ. ಅರಗು ಮರದ ಮೇಲಿನ ಹುಳುವಿನದು, ಹಳದಿ ಬಣ್ಣ ಅರಿಶಿನದ್ದು. ಉಳಿದ ಚೂರುಗಳು ಒಲೆಗೆ ಹೋಗುತ್ತವೆ. ಇಂಥ ಊರಿನ ಮಕ್ಕಳು ಸ್ಟೇಷನರಿ ಅಂಗಡಿಯಿಂದ ಥರ್ಮಾಕೋಲ್ ಹಾಳೆ ತಂದು, ಬ್ಲೇಡಿನಲ್ಲಿ ಕೊಯ್ದು ರೈಲು ಮಾಡುತ್ತೇವೆ! ಅಬ್ಬಾ ಅದನ್ನು ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ವಾಹನಗಳು ಊರಿನ ಹೊರಗಿಂದಲೇ ಹೋಗುತ್ತಿವೆ. ಹಳೆಯ ರಸ್ತೆಯ ಆಟಿಕೆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾಗಿವೆ. ನನ್ನ ಚಾಚಾ ಮಧ್ಯಾಹ್ನವೇ ಶಟರ್ ಎಳೆದು ಬರುವ ದಿನಗಳಿವೆ. ಆ ಸಾಲು ಇನ್ನು ಹತ್ತು ವರ್ಷ ಹೀಗೇ ಇರುತ್ತದೆಂದು ಯಾರೂ ಹೇಳಲಾರರು. ಈ ವರ್ಷ ತಾಜ್ ಮಹಲ್ ಬಿಟ್ಟು ಆ ಸಾಲನ್ನೇ ಕಟ್ಟೋಣ ಎಂಬುದು ನನ್ನ ಮಾತು. ಮರದ ಚೂರು, ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹುಣಸೆ ಬೀಜ, ಎಲ್ಲವೂ ನಮ್ಮ ಹಿತ್ತಿಲಲ್ಲೇ ಸಿಗುತ್ತವೆ. ಮುಂದಿನ ವರ್ಷದವರು ರೈಲು ನಿಲ್ದಾಣ ಸೇರಿಸಲಿ, ಅದರ ಮುಂದಿನವರು ಅವರಿಗೆ ಬೇಕಾದದ್ದು.

ಗೆದ್ದಲು ಹಿಡಿಯುವುದಿಲ್ಲವೇ? ಹಿಡಿಯಬಹುದು. ಆಗಾಗ ಬಿಸಿಲಿಗಿಟ್ಟು, ಹಾಳಾದ ಭಾಗ ಬದಲಿಸಬೇಕು. ಲೆಕ್ಕಶಾಸ್ತ್ರದಲ್ಲಿ ದುರಸ್ತಿ ವೆಚ್ಚ ಎಂಬ ಖಾತೆ ಇರುವುದೇ ಅದಕ್ಕೆ. ಪ್ರತಿ ವರ್ಷ ಅದೇ ಮಾದರಿ ಇಟ್ಟರೆ ಬಹುಮಾನ ಯಾರಿಗೆ ಎಂಬ ಪ್ರಶ್ನೆ ಅದಕ್ಕಿಂತ ಕಷ್ಟದ್ದು. ಆ ವರ್ಷ ಹೊಸದಾಗಿ ಸೇರಿದ ಭಾಗಕ್ಕೆ ಮಾತ್ರ ಅಂಕ ಕೊಡಬಹುದು. ತೀರ್ಪುಗಾರರಾಗುವ ಉಪನ್ಯಾಸಕರು ದಯವಿಟ್ಟು ಯೋಚಿಸಬೇಕು. ಇಡಲು ಜಾಗವೂ ಬೇಕು. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಮುರಿದ ಬೆಂಚುಗಳು ಮಾತ್ರ ಇವೆ. ಅದನ್ನು ಬಿಟ್ಟುಕೊಡಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇನೆ. ಸಹಿಗೆ ಇನ್ನೂ ಜಾಗವಿದೆ.

ಚಕ್ರ ಮಾಡಿಕೊಡಲು ಅಬ್ಬಾ ಒಪ್ಪಿದ್ದಾರೆ. ಎಷ್ಟು ಡಬ್ಬಿಯ ರೈಲು ಎಂದು ಕೇಳುತ್ತಿದ್ದಾರೆ.